ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಮನುಷ್ಯ ಎಲ್ಲಿಗೆ ಹೋದರೂ ಅವನು ಅವನೇ ಎಂದು ತಿಳಿದವರು ಹೇಳುವಾಗ ನಾನು ತಲೆಯಾಡಿಸಿದ್ದೇನೆ, ನಂಬಿದ್ದು ಮಾತ್ರ ಇಲ್ಲ. ನನ್ನನ್ನೇ ನೋಡಿ. ಕೊಲ್ಹಾಪುರದ ಕಚೇರಿಯಲ್ಲಿ ನಾನು 'ಸಾಹೇಬ'. ಗಡಹಿಂಗ್ಲಜದಲ್ಲಿರುವ ಅಕ್ಕನ ಮನೆಯ ಹೊಸ್ತಿಲು ದಾಟಿದೆನೋ, 'ಅಪ್ಪು'. ಐವತ್ನಾಲ್ಕು ವಯಸ್ಸಿನ ಈ ಅಪ್ಪುವಿಗೆ ಅಕ್ಕ ಚಹಾ ಕೊಡುವ ಮೊದಲೇ ಜೋಳದ ಚೀಲ ಕೊಟ್ಟು ಗಿರಣಿಗೆ ಕಳಿಸುತ್ತಾಳೆ. ಇನ್ನು ಹೆಂಡತಿಯ ತವರು ಹಲಕರ್ಣಿಯಲ್ಲಿ ನಾನು 'ಅಳಿಯಂದ್ರು'. ಅಲ್ಲಿ ನನಗೆ ಕುರ್ಚಿಯುಂಟು, ಕುರ್ಚಿಯ ಮೇಲೆ ಹೊಸ ಟವೆಲ್ಲುಂಟು, ಎದ್ದು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತೆಗೆದುಕೊಳ್ಳುವ ಅಧಿಕಾರ ಮಾತ್ರ ಇಲ್ಲ. ಒಮ್ಮೆ ಪ್ರಯತ್ನಿಸಿದ್ದೆ. ಮನೆಯಲ್ಲಿ ಯಾರಿಗೋ ಏನೋ ಆಗಿಹೋಯಿತು ಎನ್ನುವಷ್ಟು ಗದ್ದಲವೆದ್ದಿತು. ಮೂರು ಊರು, ಮೂರು ಹೆಸರು, ಮೂರು ಬಗೆಯ ಅಧಿಕಾರ. ಈ ಮೂವರೂ ಒಬ್ಬನೇ ಎಂದು ಸಾಬೀತು ಮಾಡು ಎಂದರೆ ನನ್ನ ಹತ್ತಿರ ಕಾಗದವಿಲ್ಲ. ಆದರೂ ಕಳೆದ ಹತ್ತೊಂಬತ್ತು ವರ್ಷಗಳಿಂದ ಬೇರೆಯವರ ಬಳಿ ಅದೇ ಕಾಗದ ಕೇಳುತ್ತ ನಾನು ಹೊಟ್ಟೆ ಹೊರೆಯುತ್ತಿದ್ದೇನೆ.

ನಮ್ಮದು ಸೀರೆ ನೇಯಿಸುವ ಕಂಪನಿ. ಮುಖ್ಯ ಕಚೇರಿ ಕೊಲ್ಹಾಪುರದಲ್ಲಿ. ಸೀರೆಯ ಅಂಚಿನ ದಡಿ, ಸೆರಗುಗಳ ಚಿತ್ರ ಬರೆಯುವವರು ಗಡಹಿಂಗ್ಲಜದಲ್ಲಿ. ಮಗ್ಗದ ಶೆಡ್ಡು ಕೊರೋಚಿಯಲ್ಲಿ, ಅದನ್ನು ನೋಡಿಕೊಳ್ಳುವ ಕಚೇರಿ ಪಕ್ಕದ ಇಚಲಕರಂಜಿಯಲ್ಲಿ. ಮೂರೂ ಕಚೇರಿಗಳಲ್ಲಿ ಒಂದೊಂದು ದೊಡ್ಡ ಕಂಪ್ಯೂಟರ್ ಇದೆ, ಮೂರಕ್ಕೂ ನಾನೇ ಯಜಮಾನ. ಒಂದೂರಿನಲ್ಲಿ ಕುಳಿತವರು ಇನ್ನೊಂದು ಊರಿನ ಕಂಪ್ಯೂಟರಿಗೆ ಕೆಲಸ ಹಚ್ಚಬಹುದು, ಇಲ್ಲಿಂದ ಕಳಿಸಿದ ಚಿತ್ರವನ್ನು ಅಲ್ಲಿಯ ಮಗ್ಗ ತಾನೇ ನೇಯುತ್ತದೆ. ಆದರೆ ಆ ಕಂಪ್ಯೂಟರು ಸುಮ್ಮನೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲೇ ನಿಲ್ಲಿಸಿ, "ನೀನು ನಿನ್ನೂರಿನಲ್ಲಿ ಯಾರಾದರೂ ಆಗಿರು, ಇಲ್ಲಿ ನೀನು ಯಾರು?" ಎಂದು ಕೇಳುತ್ತದೆ. ಅದಕ್ಕೆ ಉತ್ತರವಾಗಿ ಒಂದು ಪಟ್ಟಿ ಇರುತ್ತದೆ. ಆ ಊರಿನ ಇಂಥವರು ಈ ಊರಿನ ಇಂಥವರು, ಅವರಿಗೆ ಇಷ್ಟು ಕೆಲಸ ಮಾಡುವ ಪರವಾನಿಗೆ ಎಂದು. ಇದರಲ್ಲಿ ಒಂದು ಸ್ವಾರಸ್ಯವಿದೆ. ಒಂದು ಕಡೆ ಬರೆದರೆ ಆಗುವುದಿಲ್ಲ. "ನಮ್ಮವರನ್ನು ಕಳಿಸುತ್ತಿದ್ದೇವೆ" ಎಂದು ಕಳಿಸುವ ಕಡೆ ಒಂದು ಸಾಲು ಬೇಕು, "ನಮ್ಮವರೆಂದು ಒಪ್ಪಿಕೊಂಡಿದ್ದೇವೆ" ಎಂದು ಬರಮಾಡಿಕೊಳ್ಳುವ ಕಡೆ ಒಂದು ಸಾಲು ಬೇಕು. ಎರಡೂ ಇದ್ದರೆ ಬಾಗಿಲು ತೆರೆಯುತ್ತದೆ. ಒಂದೇ ಇದ್ದರೆ ಬಂದವರು ಹೊರಗೇ ನಿಂತಿರುತ್ತಾರೆ.

ಮೊದಮೊದಲು ನಾನು ಇಷ್ಟು ಕಟ್ಟುನಿಟ್ಟಿನವನಾಗಿರಲಿಲ್ಲ. ಒಬ್ಬೊಬ್ಬರ ಹೆಸರು ಬರೆಯುವುದಕ್ಕೆ ಬೇಸತ್ತು, ಹೆಸರಿನ ಜಾಗದಲ್ಲಿ ಒಂದು ಚುಕ್ಕಿ ಹಾಕಿಬಿಟ್ಟಿದ್ದೆ. ಚುಕ್ಕಿ ಎಂದರೆ ಎಲ್ಲರೂ ಎಲ್ಲರೇ, ಯಾರು ಎಲ್ಲಿ ಬೇಕಾದರೂ ಏನು ಬೇಕಾದರೂ ಮಾಡಬಹುದು. ಅದ್ವೈತವೇ ಸರಿ. ಆ ಅದ್ವೈತ ಒಂದು ತಿಂಗಳು ನಡೆಯಿತು. ಆಮೇಲೆ ಕೊಲ್ಹಾಪುರದ ಗುಮಾಸ್ತ ಪವಾರ ಮಾಮಾ ತಮ್ಮ ರಜೆಯ ಅರ್ಜಿ ಮುದ್ರಿಸಲು ಹೋಗಿ, ಪರದೆಯ ಮೇಲೆ ಮೊದಲು ಕಂಡದ್ದನ್ನು ಒತ್ತಿದರು. ಅರ್ಜಿ ಹೊರಗೆ ಬರಲಿಲ್ಲ ಎಂದು ಇನ್ನೈದು ಸಲ ಒತ್ತಿದರು. ಅವರು ಒತ್ತಿದ್ದು ಮಕ್ಕಳ ಟವೆಲ್ಲಿಗೆಂದು ಬರೆದಿಟ್ಟಿದ್ದ ಗಿಳಿಯ ಚಿತ್ರ. ಕೊರೋಚಿಯ ಶೆಡ್ಡಿನಲ್ಲಿ ಮದುವೆಯ ಹಸಿರು ಸೀರೆ ನೇಯುತ್ತಿದ್ದ ಆರು ಮಗ್ಗಗಳು ಸೆರಗಿನ ಹೊತ್ತಿಗೆ ಸಾಲಾಗಿ ಗಿಳಿಗಳನ್ನು ನೇಯತೊಡಗಿದವು. "ನಿಲ್ಲಸಬಾರದಾಗಿತ್ತೇನೋ?" ಎಂದು ಕೇಳಿದರೆ ಅಲ್ಲಿಯ ನೇಕಾರ, "ಕೊಲ್ಹಾಪುರದಿಂದ ಬಂದೈತಿ ಅಂದಮ್ಯಾಲ ಸಾಹೇಬ್ರು ವಿಚಾರ ಮಾಡೇ ಕಳಿಸ್ಯಾರ ಅಂತ ತಿಳದ್ನಿರಿ" ಎಂದ. ನನ್ನ ಬಗ್ಗೆ ಯಾರಾದರೂ ಅಷ್ಟು ಗೌರವದ ಮಾತು ಆಡಿದ್ದು ಅದೇ ಕೊನೆ. ಗಿಳಿ ಸೀರೆಗಳು ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಮಾರಾಟವಾದವು, ಪವಾರ ಮಾಮಾಗೆ ರಜೆ ಸಿಕ್ಕಿತು, ನನಗೆ ಮೆಮೊ ಸಿಕ್ಕಿತು.

ಅಂದಿನಿಂದ ಚುಕ್ಕಿ ಅಳಿಸಿ ನಿಯಮ ಮಾಡಿದೆ. ಪ್ರತಿ ಹೆಸರಿಗೂ ಅರ್ಜಿ, ಅರ್ಜಿಗೆ ಆಧಾರದ ಕಾಗದ, ಕಾಗದದ ಮೇಲೆ ಸಿಕ್ಕಾ, ಅಂದರೆ ಕಚೇರಿಯ ಮೊಹರು. ಇದನ್ನೆಲ್ಲ ಬರೆದಿಡಲು ಕೆಂಪು ಬಟ್ಟೆಯ ರಟ್ಟಿನ ಒಂದು ದಫ್ತರ. ಯಾರಾದರೂ ಒಂದು ಕಚೇರಿ ಬಿಟ್ಟರೆ ಅದೇ ದಿನ ಸಂಜೆಯೊಳಗೆ ಅವರ ಖಾತೆ ಬಂದ್. ಹೊಸಬರು ಬಂದರೆ ಮೊದಲ ಮೂರು ತಿಂಗಳು ನೋಡಬಹುದು, ಮುಟ್ಟುವಂತಿಲ್ಲ. ಕಂಪನಿಯಲ್ಲಿ ನನ್ನ ಬೆನ್ನ ಹಿಂದೆ ಇದಕ್ಕೆ ಬೇರೆ ಹೆಸರಿತ್ತಂತೆ, ನಾನು ಅದನ್ನು ಶಿಸ್ತು ಎಂದು ಕರೆಯುತ್ತಿದ್ದೆ.

ಈ ಶಿಸ್ತಿಗೆ ಎದುರಾಗಿ ಬಂದವಳು ಬಾಳವ್ವ. ಗಡಹಿಂಗ್ಲಜದಲ್ಲಿ ಒಂಬತ್ತು ವರ್ಷ ದಡಿ ಬರೆದವಳು. ಕುರಿ ಸಾಕುವವರ ಮನೆಯ ಹುಡುಗಿ, ಕಂಬಳಿಯ ಅಂಚು ನೋಡಿ ನೋಡಿಯೇ ಕಣ್ಣು ತಿದ್ದಿಕೊಂಡವಳು. ಅವಳು ಬರೆದ ದಡಿ ಮಗ್ಗಕ್ಕೇರಿದರೆ ದಾರ ತುಂಡಾಗುವುದಿಲ್ಲ ಎಂದು ಕೊರೋಚಿಯವರು ಹೇಳುತ್ತಿದ್ದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಇಚಲಕರಂಜಿಯ ವರ ಗೊತ್ತಾಯಿತು. ಲಗ್ನಕ್ಕೆ ನಾನೂ ಹೋಗಿದ್ದೆ. ಅಕ್ಷತೆ ಹಾಕಿದೆ, ಮೊದಲನೆಯ ಪಂಕ್ತಿಗೆ ಕುಳಿತೆ, ಜಿಲೇಬಿಯನ್ನು ಬೇಡ ಬೇಡ ಎನ್ನುತ್ತ ಎರಡು ಸಲ ಹಾಕಿಸಿಕೊಂಡೆ. ಲಗ್ನದ ಮೇಲೆ ಅವಳಿಗೆ ಇಚಲಕರಂಜಿಯ ಕಚೇರಿಗೆ ಬದಲಿ ಸಿಕ್ಕಿತು. ಗಡಹಿಂಗ್ಲಜ ಬಿಟ್ಟ ದಿನವೇ ಸಂಜೆ ಐದೂವರೆಗೆ ನಾನು 'ಬಾಳವ್ವ' ಖಾತೆ ಬಂದ್ ಮಾಡಿ ದಫ್ತರದಲ್ಲಿ ಬರೆದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೊಸ ಸೊಸೆ ಮನೆ ತುಂಬಿದ ಮೇಲೆ ದೇವರ ಮುಂದೆ ತಟ್ಟೆಯಲ್ಲಿ ಅಕ್ಕಿ ಹರವುತ್ತಾರೆ. ಗಂಡ ತನ್ನ ಉಂಗುರದಿಂದ ಆ ಅಕ್ಕಿಯ ಮೇಲೆ ಅವಳಿಗೆ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ಇಣುಕಿ ನೋಡಿ, ಭಾಳ ಚಲೋ ಹೆಸರು ಎನ್ನುತ್ತಾರೆ. ಆ ಹೊತ್ತಿನಿಂದ ಅವಳು ಅವಳಲ್ಲ. ಮರುದಿನ ಅಕ್ಕಿಯನ್ನು ಅನ್ನ ಮಾಡುತ್ತಾರೆ, ಹೀಗಾಗಿ ಇದ್ದೊಂದು ದಾಖಲೆಯೂ ಊಟವಾಗಿ ಹೋಗುತ್ತದೆ. ಬಾಳವ್ವ ಹೀಗೆ 'ಪ್ರಣಿತಾ' ಆದಳು. ಇಚಲಕರಂಜಿಯ ಮ್ಯಾನೇಜರ್ ಮಾನೆಯವರು ಆ ಹೆಸರಿನಲ್ಲೇ ಹೊಸ ಖಾತೆ ತೆರೆಯಿಸಿದರು. ಹೊಸ ಹೆಸರು, ಹೊಸ ಖಾತೆ, ಆದ್ದರಿಂದ ನನ್ನ ನಿಯಮದ ಪ್ರಕಾರ ಮೂರು ತಿಂಗಳು ನೋಡಬಹುದು, ಮುಟ್ಟುವಂತಿಲ್ಲ. ಅವಳ ಒಂಬತ್ತು ವರ್ಷದ ದಡಿಗಳೆಲ್ಲ ಗಡಹಿಂಗ್ಲಜದ ಕಂಪ್ಯೂಟರಿನಲ್ಲಿ ಬಾಳವ್ವನ ಹೆಸರಿನಲ್ಲಿವೆ. ಅವು ಮಗ್ಗಕ್ಕೆ ಹೋಗಬೇಕಾದರೆ, ಇಚಲಕರಂಜಿಯ ಪ್ರಣಿತಾ ಎಂದರೆ ಗಡಹಿಂಗ್ಲಜದ ಬಾಳವ್ವ ಎಂದು ನಾನು ಎರಡು ಸಾಲು ಬರೆಯಬೇಕು.

ಅದರ ಮೇಲೆ ಅವಳಿಗೆ ಅವಸರವೂ ಇತ್ತು. ಇಚಲಕರಂಜಿಯಲ್ಲಿ ದಡಿ ಬರೆಯುವವರಿಗೆ ಕಾಯಂ ಜಾಗ ಇರುವುದು ಒಂದೇ. ಹೊಸ ಹಂಗಾಮಿನ ಮಾರಾಟಕ್ಕೆಂದು ಯಾರ ನಮೂನೆ ಸೀರೆ ಆಯ್ಕೆಯಾಗುತ್ತದೋ ಅವರಿಗೆ ಆ ಜಾಗ. ನಮೂನೆ ಶುಕ್ರವಾರದೊಳಗೆ ಮಗ್ಗಕ್ಕೇರಬೇಕು. ಇಲ್ಲವಾದರೆ ಅವಳು ಹೊಸದಾಗಿ ಸೇರಿದವಳು, ಬೇರೆಯವರು ಬರೆದದ್ದಕ್ಕೆ ಬಣ್ಣ ತುಂಬುತ್ತ ಕುಳಿತುಕೊಳ್ಳಬೇಕು.

ಅವಳ ಅರ್ಜಿ ಬಂತು. ನಾನು ವಾಪಸ್ ಕಳಿಸಿದೆ. ಬಾಳವ್ವನ ಖಾತೆಗೆ ಬಾಳವ್ವನೇ ಅರ್ಜಿ ಹಾಕಬೇಕು, ಪ್ರಣಿತಾ ಹಾಕಿದರೆ ನಡೆಯುವುದಿಲ್ಲ ಎಂದು ಬರೆದೆ. ಬಾಳವ್ವ ಹಾಕೋಣವೆಂದರೆ ಆ ಖಾತೆಯನ್ನು ನಾನೇ ಬಂದ್ ಮಾಡಿದ್ದೆ. ಇದರಲ್ಲಿ ಏನೋ ತೊಡಕಿದೆ ಎಂದು ನನಗೆ ಆಗ ಅನ್ನಿಸಲೇ ಇಲ್ಲ. ಮಾನೆಯವರು ಫೋನು ಮಾಡಿ, "ಅಹೋ ಸಾಹೇಬ, ತೀಚ ಮುಲಗೀ ಆಹೇ" ಎಂದರು. ಅದೇ ಹುಡುಗಿ ಎನ್ನುವುದು ನನಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ ಎಂದು ನಾನು ಅವರದೇ ಮರಾಠಿಯಲ್ಲಿ ಉತ್ತರ ಕೊಟ್ಟೆ. ಅವರು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು.

ಬುಧವಾರ ಬೆಳಗ್ಗೆ ಬಾಳವ್ವ ತಾನೇ ಎಸ್.ಟಿ. ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಬಂದಳು. ಕೈತುಂಬ ಹಸಿರು ಬಳೆ, ಕೈಯಲ್ಲೊಂದು ಫೈಲು.

"ಲಗ್ನಕ್ಕ ನೀವೂ ಬಂದಿದ್ರೆಲ್ರಿ ಸಾಹೇಬ್ರ. ನನ್ನ ಗುರ್ತ ನಿಮಗಿಲ್ಲೇನ್ರಿ?" ಎಂದಳು.

"ಲಗ್ನಕ್ಕ ಬಂದಾಂವ ಬ್ಯಾರೆ, ಬಾಳವ್ವಾ, ಇಲ್ಲಿ ಕುಂತಾಂವ ಬ್ಯಾರೆ. ಎರಡೂ ಹೆಸರು ಒಂದ ಕಾಗದದಾಗ ಇರೂದು ಏನರ ಐತೇನು?"

ಲಗ್ನಪತ್ರಿಕೆ ತೋರಿಸಿದಳು. ಅದರಲ್ಲಿದ್ದದ್ದು ಬಾಳವ್ವ ಮಾತ್ರ. ಇಚಲಕರಂಜಿಯ ಕಚೇರಿ ಕೊಟ್ಟ ಹೊಸ ಗುರುತಿನ ಚೀಟಿ ತೋರಿಸಿದಳು. ಅದರಲ್ಲಿದ್ದದ್ದು ಪ್ರಣಿತಾ ಮಾತ್ರ. ಎರಡೂ ಹೆಸರು ಇರುವ ಲಗ್ನ ನೋಂದಣಿಯ ಕಾಗದ ಕೈಗೆ ಬರಲು ಇನ್ನೂ ಹದಿನೈದು ದಿನ ಬೇಕಂತೆ. ಕಡೆಗೆ ಮೊಬೈಲು ತೆಗೆದು ಒಂದು ಫೋಟೋ ಮುಂದೆ ಹಿಡಿದಳು. ತಟ್ಟೆಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ವಕ್ರವಕ್ರವಾಗಿ ಹೊಸ ಹೆಸರು, ತಟ್ಟೆಯ ಅಂಚಿನಲ್ಲಿ ಅವಳ ಮೆಹಂದಿ ಹಚ್ಚಿದ ಬೆರಳು.

ನಾನು ಕನ್ನಡಕ ಏರಿಸಿ ನೋಡಿ, "ಸಿಕ್ಕಾ ಎಲ್ಲೈತಿ?" ಎಂದೆ. ದೇವರಾಣೆ, ತಮಾಷೆಗೆ ಕೇಳಿದ್ದಲ್ಲ. ಹಾಗೆ ಕೇಳಿದೆನಲ್ಲ ಎಂದು ಈಗ ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಅವಳು ನಗಲಿಲ್ಲ, ಅಳಲೂ ಇಲ್ಲ. ಫೈಲು ಮುಚ್ಚುತ್ತ, "ಹೆಸರ ಹೋತ್ರಿ, ಇರ್ಲಿ. ಯಾರೂ ನನ್ನ ಕೇಳಲಿಲ್ಲ, ನಾನೂ ಏನೂ ಅನಲಿಲ್ಲ. ಆದ್ರ ನಾ ಬರದ ದಡಿಗೋಳ ಏನ್ ಮಾಡ್ಯಾವ್ರಿ? ಅವೂ ಹೋಗಬೇಕೇನ್ರಿ?" ಎಂದಳು. ನಾನು ನೋಂದಣಿಯ ಕಾಗದ ಬಂದ ಮೇಲೆ ನೋಡೋಣ ಎಂದೆ. "ಶುಕ್ರವಾರ ಮುಗದ ಮ್ಯಾಲ ನೋಡೂದೇನ್ರಿ?" ಎಂದು ಎದ್ದು ಹೋದಳು. ಬಳೆಯ ಸದ್ದು ಮೆಟ್ಟಿಲು ಇಳಿದು ಹೋಗುವವರೆಗೂ ನಾನು ದಫ್ತರದಲ್ಲಿ ಏನೋ ಬರೆಯುತ್ತಿರುವಂತೆ ತಲೆ ತಗ್ಗಿಸಿ ಕುಳಿತಿದ್ದೆ.

ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಈ ಕತೆಯನ್ನು ಹೆಂಡತಿಗೆ ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ ಎನ್ನಬೇಕು. ಇಂಥ ಜಾಗದಲ್ಲಿ ನನ್ನಂಥವನು ಇರದಿದ್ದರೆ ಏನಾಗುತ್ತಿತ್ತು ನೋಡು ಎನ್ನುವ ಧಾಟಿಯಲ್ಲಿ. ನನ್ನ ಹೆಂಡತಿ ಸುಹಾಸಿನಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

"ಹಲಕರ್ಣಿಯಿಂದ ಒಂದ ಪತ್ರ ಬಂದಿತ್ತು. ಆವತ್ತ ಪೋಸ್ಟಮನ್‌ಗ ನೀವು ಏನ್ ಹೇಳಿ ಕಳಿಸಿದ್ರಿ, ನೆನಪೈತೇನ್ರಿ?" ಎಂದು ಕೇಳಿದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಆ ಸಂಗತಿ ಈ ಲೋಕದಲ್ಲಿ ನನಗೆ ಮತ್ತು ಆ ಪೋಸ್ಟಮನ್ನಿಗೆ ಮಾತ್ರ ಗೊತ್ತು ಎಂದು ನಾನು ಇಪ್ಪತ್ತಾರು ವರ್ಷ ತಿಳಿದುಕೊಂಡಿದ್ದೆ.

ನಡೆದದ್ದು ಇಷ್ಟು. ನಮ್ಮ ಲಗ್ನವಾಗಿ ನಾಲ್ಕು ತಿಂಗಳಾಗಿತ್ತು. ತವರಿನಲ್ಲಿ ಅವಳ ಹೆಸರು ಗೌರವ್ವ. ನಾನು ಅಕ್ಕಿಯ ಮೇಲೆ ಸುಹಾಸಿನಿ ಎಂದು ಬರೆದಿದ್ದೆ. ಬರೆಯುವಾಗ ಅಕ್ಷರ ಚೆನ್ನಾಗಿ ಬರಲಿ ಎಂದು ಯೋಚಿಸಿದ್ದೆ, ಅವಳನ್ನು ಕೇಳಬೇಕೆಂದು ಯೋಚಿಸಿರಲಿಲ್ಲ. ಒಂದು ಶನಿವಾರ ಬೆಳಗ್ಗೆ ನಾನು ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಕೆರೆಯುತ್ತಿದ್ದೆ. ಅವಳು ನೀರಿಗೆ ಹೋಗಿದ್ದಳು. ಪೋಸ್ಟಮನ್ ಬಂದು, ಕುಮಾರಿ ಗೌರವ್ವ ಯಾರು ಎಂದ. ಹಲಕರ್ಣಿಯ ವಿಳಾಸ ಹೊಡೆದುಹಾಕಿ ಮಾವನವರು ನಮ್ಮ ವಿಳಾಸ ಬರೆದಿದ್ದರು. ಹೆಸರು ಮಾತ್ರ ಹಾಗೇ ಬಿಟ್ಟಿದ್ದರು, ಅವರ ಪಾಲಿಗೆ ಮಗಳು ಇನ್ನೂ ಗೌರವ್ವನೇ ಅಲ್ಲವೇ? ಅರ್ಧ ಮುಖದ ಸೋಪಿನೊಂದಿಗೆ ನಾನು ಹೊರಗೆ ಇಣುಕಿ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದೆ. ಅವನು ಲಕೋಟೆಯ ಮೇಲೆ ಅದನ್ನೇ ಬರೆದುಕೊಂಡು ಹೋದ.

ಮರೆತು ಹೇಳಿದೆ ಎಂದು ಇಲ್ಲಿಗೇ ನಿಲ್ಲಿಸಿದರೆ ನನ್ನ ಮಾನ ಸ್ವಲ್ಪ ಉಳಿಯುತ್ತದೆ. ಆದರೆ ಇನ್ನೊಂದು ಕೆನ್ನೆಗೆ ಬ್ಲೇಡು ಹಚ್ಚುವ ಮೊದಲೇ ನನಗೆ ನೆನಪಾಗಿತ್ತು. ಪೋಸ್ಟಮನ್ ಇನ್ನೂ ಮೂರು ಮನೆ ಆಚೆ ಸೈಕಲ್ ಹಿಡಿದುಕೊಂಡು ನಿಂತಿದ್ದ. ಅರ್ಧ ಗಡ್ಡದಲ್ಲಿ ಬೀದಿಗೆ ಓಡುವುದು ಹೇಗೆ ಎಂದು ನಾಚಿಕೆಯಾಯಿತು. ಯಾರೋ ಗೆಳತಿಯ ಪತ್ರವಿರಬೇಕು, ಇನ್ನೊಂದು ಬರುತ್ತದೆ ಎಂದು ಸಮಾಧಾನ ಮಾಡಿಕೊಂಡು ಉಳಿದ ಗಡ್ಡ ಕೆರೆದೆ.

"ಅದು ಕನ್ನಡ ಸಾಲಿ ಮಾಸ್ತರಕಿ ನೌಕರಿ ಪತ್ರಾರಿ. ಡಿ.ಎಡ್. ಮುಗಿಸಿ ನಾ ಅರ್ಜಿ ಹಾಕಿದ್ದೆ. ನನ್ನ ಜೋಡಿ ಕಲತಾಕಿಗಿ ಬಂತು, ನನಗ್ಯಾಕ ಬರಲಿಲ್ಲ ಅಂತ ನಾನ ಪೋಸ್ಟಿಗಿ ಹೋಗಿ ಕೇಳಿದ್ನಿ. ಆ ಹೆಸರಿನವರು ಯಾರೂ ಇಲ್ಲ ಅಂತ ನಿಮ್ಮ ಮನ್ಯಾಗ ಅಂದ್ರಲ್ರಿ ಬಾಯೋರ ಅಂದ ಪೋಸ್ಟಮನ್. ಆಮ್ಯಾಲ ತಾರೀಖ ಮುಗದಿತ್ತು" ಎಂದಳು. ಸಿಟ್ಟಿನಿಂದಲ್ಲ, ಸಂತೆಯ ಚೀಲದಲ್ಲಿ ಏನೇನಿದೆ ಎಂದು ಹೇಳುವವರ ಹಾಗೆ ಹೇಳಿದಳು.

"ನನಗ ಒಂದ ಮಾತ ಅಂದಿಲ್ಲಲ್ಲ ನೀ?"

"ಯಾರ ಅನಬೇಕಾಗಿತ್ರಿ? ಗೌರವ್ವ ಇರಲಿಲ್ಲ. ಸುಹಾಸಿನಿಗಿ ಪತ್ರಾ ಬಂದಿರಲಿಲ್ಲ."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನಾನು ಊಟ ಮುಗಿಸಿದೆನೋ ಬಿಟ್ಟೆನೋ ನೆನಪಿಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ಪಕ್ಕದ ಮನೆಯ ಮಕ್ಕಳಿಗೆಲ್ಲ ಬರೆಯಲು ಓದಲು ಕಲಿಸಿದವಳು ಅವಳು. ಅವಳಿಗೆ ಮಕ್ಕಳೆಂದರೆ ಆಸೆ, ಅದಕ್ಕೇ ಕಲಿಸುತ್ತಾಳೆ ಎಂದು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ನನಗೆ ಆ ಹೊತ್ತು ಆದ ನಾಚಿಕೆಯ ಮುಂದೆ ಅರ್ಧ ಗಡ್ಡದ ನಾಚಿಕೆ ಏನೂ ಅಲ್ಲ.

ಗುರುವಾರ ಎಂಟು ಗಂಟೆಗೇ ಕಚೇರಿಗೆ ಹೋದೆ. ಬಾಳವ್ವನ ಖಾತೆ ತೆರೆದೆ. ಸಾಲು ಬರೆದೆ. ಇಚಲಕರಂಜಿಯಲ್ಲಿದ್ದ ಬಾಳವ್ವನಿಗೆ ಫೋನು ಮಾಡಿ, "ಹಚ್ಚಿ ನೋಡವ್ವಾ" ಎಂದೆ. ಸ್ವಲ್ಪ ಹೊತ್ತಿಗೆ ಅವಳು, "ಬ್ಯಾಡ ಅನ್ನಾಕತ್ತೈತ್ರಿ" ಎಂದಳು. ಮತ್ತೆ ನೋಡಿದೆ. ಅವಸರದಲ್ಲಿ ಕಳಿಸುವ ಕಡೆಯ ಸಾಲು ಮಾತ್ರ ಬರೆದು, ಬರಮಾಡಿಕೊಳ್ಳುವ ಕಡೆ ಬರೆಯುವುದನ್ನೇ ಬಿಟ್ಟಿದ್ದೆ. ಹತ್ತೊಂಬತ್ತು ವರ್ಷದ ಶಿಸ್ತು! ಅದನ್ನೂ ಬರೆದೆ. ಈ ಸಲ ಫೋನಿನಲ್ಲಿ ಅವಳ ಬಳೆಗಳು ಸದ್ದು ಮಾಡಿದವು, ಹಿಂದೆ ಮಾನೆಯವರು "ಝಾಲಂ, ಝಾಲಂ", ಆಯಿತು ಆಯಿತು ಎಂದು ಕೂಗಿದ್ದು ಕೇಳಿಸಿತು. ಇನ್ನು ದಫ್ತರ ತುಂಬಬೇಕಲ್ಲ. ಆಧಾರ ಎಂಬ ಕಾಲಮ್ಮಿನಲ್ಲಿ 'ತಟ್ಟೆಯಲ್ಲಿನ ಅಕ್ಕಿ' ಎಂದು ಬರೆದೆ. ಸಾಕ್ಷಿ ಎಂಬಲ್ಲಿ ನನ್ನ ಹೆಸರು ಬರೆದು, ಪಕ್ಕದಲ್ಲಿ 'ಮೊದಲನೆಯ ಪಂಕ್ತಿ' ಎಂದು ಸೇರಿಸಿ, ಮೇಲೆ ಸಿಕ್ಕಾ ಹೊಡೆದೆ. ಲೆಕ್ಕ ತಪಾಸಣೆಯವರು ಬಂದಾಗ ಏನು ಹೇಳುತ್ತೇನೋ ನನಗೆ ಗೊತ್ತಿಲ್ಲ.

ಶುಕ್ರವಾರ ಕೊರೋಚಿಗೆ ಹೋದೆ. ಹೋಗಲೇಬೇಕಾದ ಕೆಲಸವೇನೂ ಇರಲಿಲ್ಲ. ಮಗ್ಗದ ಮೇಲೆ ಕುಂಕುಮ ಬಣ್ಣದ ಸೀರೆ ಇಳಿಯುತ್ತಿತ್ತು. ದಡಿಯಲ್ಲಿ ಜೋಳದ ತೆನೆ, ತೆನೆಯ ಕೆಳಗೆ ಹುಪರಿಯವರು ಮಾಡುವ ಬೆಳ್ಳಿ ಗೆಜ್ಜೆಯಂಥ ಸಣ್ಣ ಸಾಲು. ದಾರ ಒಂದೂ ತುಂಡಾಗಲಿಲ್ಲ. ನಮೂನೆಗೆ ಚುಚ್ಚುವ ಚೀಟಿ ಕೈಯಲ್ಲಿ ಹಿಡಿದು ಬಾಳವ್ವ ನನ್ನ ಮುಖ ನೋಡಿದಳು.

"ಯಾವ ಹೆಸರ ಬರೀಲ್ರಿ ಸಾಹೇಬ್ರ?"

"ನನ್ನ ಕೇಳಬ್ಯಾಡವ್ವಾ. ನಿನಗ ಯಾವುದು ಬರೀಬೇಕ ಅನಸ್ತೈತಿ ಅದನ್ನ ಬರಿ."

ಅವಳು ಬಾಳವ್ವ ಎಂದು ಬರೆದಳು. ದಫ್ತರದ ಪ್ರಕಾರ ಅದು ಸರಿಯಲ್ಲ. ನಾನು ಚೀಟಿ ಚುಚ್ಚಲು ಪಿನ್ನು ಕೊಟ್ಟೆ. ಶನಿವಾರ ಆರಿಸುವವರು ಕುಳಿತು ಆ ದಡಿಯನ್ನೇ ಆರಿಸಿದರು. ಇಚಲಕರಂಜಿಯ ಕಾಯಂ ಜಾಗ ಅವಳದಾಯಿತು. ಮಾನೆಯವರು ಪೇಢೆ ಕಳಿಸಿದ್ದರು.

ಪೇಢೆಯ ಪೊಟ್ಟಣ ಹಿಡಿದುಕೊಂಡು ಅಂದು ಮಧ್ಯಾಹ್ನವೇ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದು ಮಾತು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟೆ. ಒಳಗೆ ಹೆಂಡತಿ ಪಕ್ಕದ ಮನೆಯ ಹುಡುಗಿಗೆ ಕಾಗುಣಿತ ಹೇಳಿಕೊಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, "ಗೌರವ್ವಾ" ಎಂದು ಕರೆದೆ.

ಕಾಗುಣಿತ ನಿಂತಿತು. ಆಮೇಲೆ ಒಳಗಿನಿಂದ ಅವಳ ದನಿ, ನಗುತ್ತಿದ್ದಳೋ ಇಲ್ಲವೋ ಇಂದಿಗೂ ನನಗೆ ತಿಳಿದಿಲ್ಲ:

"ಆ ಹೆಸರಿನವರು ಇಲ್ಲಿ ಯಾರೂ ಇಲ್ರಿ."

ನಾನು ಪೇಢೆ ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಕಡೆಯ ಸಾಲು ಬರೆದಾಗಿತ್ತು. ಆ ಕಡೆಯದು ಬರುವವರೆಗೆ ಹೊರಗೇ ನಿಂತಿರಬೇಕು. ನಿಯಮ ಮಾಡಿದವನು ನಾನೇ.